ಹುಲ್ಲಿನ ಮೇಲೆ ಒಂದು ಹಗಲು

‘ಸಫಾರಿ’ ಎಂದರೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣ ಎಂದಷ್ಟೇ ಅರ್ಥ. ಮಗಳ ಮನೆಗೆ ಹೋಗಿಬರುವುದೂ ಸಫಾರಿಯೇ, ಕೋರ್ಟು ಕಚೇರಿಯ ಕೆಲಸಕ್ಕೆ ಬಸ್ಸು ಹತ್ತುವುದೂ ಸಫಾರಿಯೇ. ಅರಬ್ಬಿಯ ‘ಸಫರ್’ ಎಂಬ ಶಬ್ದ ಅಲ್ಲಿ ಹೀಗೆ ನೆಲೆಗೊಂಡಿದೆ. ಉರ್ದುವಿನ ಮೂಲಕ ಅದು ನಮ್ಮ ಕಿವಿಗೂ ಬಿದ್ದಿರುವಂಥದೇ. ಅದಕ್ಕೆ ಮೃಗಗಳ ಸಂಬಂಧವನ್ನು ಗಂಟುಹಾಕಿದವರು ಬಂದೂಕು ಹಿಡಿದು ಬಂದ ಬಿಳಿಯ ದೊರೆಗಳು. ಬಂದೂಕು ಹೋಗಿ ಕ್ಯಾಮೆರಾ ಬಂದರೂ ಶಬ್ದ ಹಾಗೆಯೇ ಉಳಿಯಿತು.

2023ರ ಫೆಬ್ರವರಿಯಲ್ಲಿ ಟಾಂಜಾನಿಯದ ಉತ್ತರ ಭಾಗದಲ್ಲಿ, ಸೆರೆಂಗೆಟಿ ಬಯಲಿನ ದಕ್ಷಿಣದಂಚಿಗೆ ಸೇರಿದ ನ್ದುಟು ಎಂಬಲ್ಲಿ ನಾನು ಕಳೆದ ಒಂದು ಹಗಲಿನ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನನ್ನ ತಂಗಿಯ ಮಗ ದಾರ್ ಎಸ್ ಸಲಾಮಿನಲ್ಲಿ ಉದ್ಯೋಗದಲ್ಲಿದ್ದಾನೆ. “ಮಾವ, ಒಂದು ಸಲ ಬನ್ನಿ, ಸಿಂಹ ತೋರಿಸುತ್ತೇನೆ” ಎಂದು ಎರಡು ವರ್ಷ ಬಿಡದೆ ಕರೆದ. ಹೋದೆ. ಸಿಂಹವನ್ನೂ ನೋಡಿದೆ. ಆದರೆ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಮೊದಲು ನನ್ನ ಬಾಯಿಗೆ ಬರುವ ಮಾತು ಹುಲ್ಲು. ಕೇಳಿದವರು ಸ್ವಲ್ಪ ನಿರಾಶರಾಗುತ್ತಾರೆ.

ಹಿಂದಿನ ರಾತ್ರಿಯೇ ನಮ್ಮ ವಾಹನದ ಚಾಲಕ, “ಬೆಳಿಗ್ಗೆ ಹನ್ನೆರಡು ಗಂಟೆಗೆ ಸಿದ್ಧವಾಗಿರಿ” ಎಂದಿದ್ದ. ನಾನು ತಮಾಷೆಯೆಂದುಕೊಂಡೆ. ಅದು ತಮಾಷೆಯಲ್ಲ. ಸಮಭಾಜಕ ವೃತ್ತಕ್ಕೆ ಮೂರೇ ಡಿಗ್ರಿ ದಕ್ಷಿಣಕ್ಕಿರುವ ಆ ನಾಡಿನಲ್ಲಿ ವರ್ಷವಿಡೀ ಹಗಲೂ ಇರುಳೂ ಹೆಚ್ಚುಕಡಿಮೆ ಸಮ. ಆದ್ದರಿಂದ ಸ್ವಾಹಿಲಿ ಜನ ಗಂಟೆಯನ್ನು ಹಗಲು ಹುಟ್ಟುವುದರಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಆರು, ಅವರ ಹನ್ನೆರಡು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗವನ್ನು ಇಟ್ಟುಕೊಂಡಿರುವ ನಾವು ಇದಕ್ಕೆ ನಗಬೇಕಾದ್ದಿಲ್ಲ. ವಾಹನಕ್ಕೆ ಅವರು ಹೇಳುವುದು ‘ಗಾರಿ’. ಅದು ನಮ್ಮ ಗಾಡಿಯೇ. ಅಂಗಡಿ ‘ದುಕಾ’, ಚಪಾತಿ ಚಪಾತಿಯೇ. ಹಿಂದೂ ಮಹಾಸಾಗರದ ವ್ಯಾಪಾರವೂ ರೈಲುಹಾದಿ ಹಾಕಲು ಹೋದ ನಮ್ಮವರೂ ಬಿಟ್ಟುಬಂದ ಮಾತುಗಳಿವು. ಹಾಗೆಂದು ಸಿಂಹಕ್ಕೆ ಅವರು ‘ಸಿಂಬ’ ಎನ್ನುವುದನ್ನು ಕೇಳಿ ಹಿಗ್ಗುವಂತಿಲ್ಲ. ಅದು ಆಫ್ರಿಕದ್ದೇ ಆದ ಬಂಟು ಭಾಷಾವರ್ಗದ ಪದ. ಹೋಲಿಕೆ ಕೇವಲ ಆಕಸ್ಮಿಕವಂತೆ.

ಸಮುದ್ರಮಟ್ಟದಿಂದ ಸಾವಿರದ ಆರುನೂರು ಮೀಟರಿನಷ್ಟು ಎತ್ತರದ ಪ್ರದೇಶವಾದ್ದರಿಂದ ಬೆಳಗಿನ ಚಳಿ ಹಲ್ಲು ಕಟಕಟಿಸುವಂತಿತ್ತು. ಸರೋವರದ ಸುತ್ತಲಿನ ಜಾಲಿಯ ಜಾತಿಯ ಮರಗಳ ನಡುವಿನಿಂದ ಗಾಡಿ ಹೊರಬಂತು. ಮರಗಳು ಮುಗಿದವು. ಮುಂದೆ ಏನೂ ಇಲ್ಲ. ಕಣ್ಣು ಹಾಯುವವರೆಗೂ ಗೇಣುದ್ದಕ್ಕಿಂತ ಕಡಿಮೆಯ ಹಸಿರು ಹುಲ್ಲು, ಅದರ ಮೇಲೆ ಆಕಾಶ. ಕೊನೆಯಿಲ್ಲದ ಬಯಲು ಎಂಬರ್ಥದ ಮಾಸಾಯಿ ಮಾತಿನಿಂದ ಸೆರೆಂಗೆಟಿ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಇಣುಕಿ ನೋಡಿ ಅಭ್ಯಾಸವಾದ ನನ್ನ ಕಣ್ಣಿಗೆ ಇಲ್ಲಿ ನಿಲ್ಲಲು ಒಂದು ನೆಲೆಯೇ ಸಿಗಲಿಲ್ಲ.

ಇಷ್ಟು ಮಳೆ ಬೀಳುವ ಕಡೆ ಮರವೇಕಿಲ್ಲ? ಉತ್ತರ ನೆಲದ ಕೆಳಗಿದೆ. ಪೂರ್ವದ ಗೊರೊಂಗೊರೊ ಎತ್ತರನಾಡು ಜ್ವಾಲಾಮುಖಿಗಳ ನಾಡು. ಅವುಗಳಲ್ಲಿ ಒಂದು, ಮಾಸಾಯಿಗಳು ‘ದೇವರ ಬೆಟ್ಟ’ ಎನ್ನುವ ಓಲ್ ದೊಯಿನ್ಯೊ ಲೆಂಗಾಯ್, ಈಗಲೂ ಜೀವಂತವಾಗಿದೆ. ಈ ಬೆಟ್ಟಗಳು ಯುಗಯುಗಗಳಿಂದ ಉಗುಳಿದ ಬೂದಿಯನ್ನು ಗಾಳಿ ಪಶ್ಚಿಮಕ್ಕೆ ತಂದು ಈ ಬಯಲಿನ ಮೇಲೆ ಹರಡಿದೆ. ಮಳೆನೀರು ಆ ಬೂದಿಯೊಳಗಿನ ಸುಣ್ಣವನ್ನು ಕರಗಿಸಿ ಕೆಳಕ್ಕೆ ಇಳಿಸಿ, ಮೇಲ್ಮಣ್ಣಿನಿಂದ ಸ್ವಲ್ಪವೇ ಆಳದಲ್ಲಿ ಗಾರೆಯಂಥ ಗಟ್ಟಿ ಪದರವನ್ನು ಕಟ್ಟಿಬಿಟ್ಟಿದೆ. ಮರದ ಬೇರು ಅದನ್ನು ಸೀಳಲಾರದು. ಹುಲ್ಲಿನ ಬೇರಿಗೆ ಅಷ್ಟು ಆಳ ಬೇಕಾಗಿಯೇ ಇಲ್ಲ. ಹೀಗೆ ಬೇರೆಡೆ ಮರದ ಕಾಲಡಿಯಲ್ಲಿ ಬಾಳುವ ಹುಲ್ಲು ಇಲ್ಲಿ ತಾನೇ ಒಡೆಯನಾಗಿದೆ. ಆ ಬೂದಿಯಲ್ಲಿ ಸುಣ್ಣದ ಅಂಶವೂ ರಂಜಕದ ಅಂಶವೂ ಹೇರಳ. ಹಾಲೂಡುವ ತಾಯಿಗೆ, ಎಲುಬು ಬೆಳೆಯುವ ಕರುವಿಗೆ ಬೇಕಾದದ್ದು ಅದೇ.

ಆದ್ದರಿಂದಲೇ ಅವು ಬರುತ್ತವೆ. ‘ಅವು’ ಎಂದರೆ ಇಂಗ್ಲಿಷಿನವರು ವೈಲ್ಡ್‌ಬೀಸ್ಟ್ ಎಂದು ಕರೆಯುವ, ಸ್ವಾಹಿಲಿಯವರು ‘ನ್ಯುಂಬು’ ಎನ್ನುವ ಪ್ರಾಣಿಗಳು. ಜಾತಿಯಿಂದ ಹುಲ್ಲೆಯ ಬಳಗವಾದರೂ ನೋಡುವುದಕ್ಕೆ ದನದ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ. ಬ್ರಹ್ಮನು ದಿನದ ಕೊನೆಗೆ ಮಿಕ್ಕ ಸಾಮಗ್ರಿಯಿಂದ ಮಾಡಿ ಮುಗಿಸಿದಂತೆ ಕಾಣುತ್ತದೆ. ಇವು ಸುಮಾರು ಹದಿಮೂರು ಲಕ್ಷ ಇವೆಯೆಂದು ಲೆಕ್ಕ. ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು, ಗ್ಯಾಜೆಲ್ ಜಾತಿಯ ಹುಲ್ಲೆಗಳು. ಮಳೆ ನಿಂತು ಮೇ ತಿಂಗಳ ಹೊತ್ತಿಗೆ ಬಯಲು ಒಣಗಿದಾಗ ಇಡೀ ಸಮೂಹ ಪಶ್ಚಿಮಕ್ಕೂ ಉತ್ತರಕ್ಕೂ ಹೊರಟು, ಮಾರಾ ನದಿಯನ್ನು ದಾಟಿ ಕೆನ್ಯಾದ ಸೀಮೆಯನ್ನು ಮುಟ್ಟಿ, ಮತ್ತೆ ಮಳೆ ಬಿದ್ದಾಗ ಈ ಬೂದಿಯ ಹುಲ್ಲಿಗೆ ಮರಳುತ್ತದೆ. ತವರಿಗೆ ಬಾಣಂತನಕ್ಕೆ ಬಂದಂತೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಲ್ಲಿಗೆ ಬಂದೇ ಅವು ಈಯುತ್ತವೆ.

ಅಂದು ಬೆಳಿಗ್ಗೆ ಅದನ್ನು ನೋಡಿದೆ. ಗಾಡಿಯಿಂದ ನೂರು ಮೀಟರಿನಲ್ಲಿ ಒಂದು ಹೆಣ್ಣು ಮಲಗಿತು, ಎದ್ದಿತು, ಮತ್ತೆ ಮಲಗಿತು. ಕರು ನೆಲಕ್ಕೆ ಬಿತ್ತು. ನಾನು ಗಡಿಯಾರ ನೋಡಿಕೊಂಡೆ. ನಾಲ್ಕು ಸಲ ಮುಗ್ಗರಿಸಿ, ಏಳು ನಿಮಿಷ ತುಂಬುವ ಮೊದಲೇ ಅದು ನಾಲ್ಕು ಕಾಲಿನ ಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕದಲ್ಲಿ ಓಡಿತು. ರಣಹದ್ದುಗಳು ಇಳಿದು ಮಾಸನ್ನು ಎಳೆದಾಡಿದವು. ಲಕ್ಷಾಂತರ ಹೆಣ್ಣುಗಳು ಹೆಚ್ಚುಕಡಿಮೆ ಮೂರು ವಾರಗಳೊಳಗೆ, ಅದರಲ್ಲೂ ಬೆಳಗಿನ ಹೊತ್ತಿನಲ್ಲೇ ಹೆಚ್ಚಾಗಿ, ಹೀಗೆ ಈಯುತ್ತವೆ. ಸಿಂಹಕ್ಕೂ ಕತ್ತೆಕಿರುಬಕ್ಕೂ ಹೊಟ್ಟೆಗೊಂದು ಮಿತಿಯಿದೆಯಲ್ಲ. ಎಲ್ಲವೂ ಒಟ್ಟಿಗೆ ಹುಟ್ಟಿದರೆ ತಿನ್ನುವವರು ತಿಂದು ಮುಗಿಸಲಾರರು. ಬಿಡಿಬಿಡಿಯಾಗಿ, ಮೊದಲೋ ಕಡೆಗೋ ಹುಟ್ಟಿದ ಕರುಗಳೇ ಹೆಚ್ಚು ಸಾಯುವುದು.

ಹತ್ತು ಗಂಟೆಯ ಸುಮಾರಿಗೆ ಸಿಂಹಗಳು ಸಿಕ್ಕವು. ಒಂದು ಗಿಡದ ನೆರಳಿನಲ್ಲಿ ಐದು ಹೆಣ್ಣುಗಳು, ಅಂಗಾತ ಮಲಗಿ, ಹೊಟ್ಟೆಯನ್ನು ಆಕಾಶಕ್ಕೆ ತೋರಿಸಿಕೊಂಡು. ದಿನದ ಇಪ್ಪತ್ತು ಗಂಟೆಯಷ್ಟು ಕಾಲ ಸಿಂಹ ಮಾಡುವುದು ಇಷ್ಟನ್ನೇ. ಒಂದು ಎದ್ದು ನಮ್ಮ ಗಾಡಿಯ ನೆರಳಿಗೆ ಬಂದು ಚಕ್ರಕ್ಕೆ ಒರಗಿತು. ನಮ್ಮ ಕಾವ್ಯಗಳಲ್ಲೆಲ್ಲ ಸಿಂಹಾವಲೋಕನದ ಮಾತು ಬರುತ್ತದೆ. ಅಂಥದೊಂದು ನೋಟ ನನ್ನ ಮೇಲೆ ಬಿದ್ದೀತೆಂದು ಕಾದೆ. ಬಿತ್ತು. ಆದರೆ ಅದು ನನ್ನನ್ನು ನೋಡಲಿಲ್ಲ. ನನ್ನ ಮೂಲಕ ಆಚೆಗೆ ಏನನ್ನೋ ನೋಡಿತು. ಹುಟ್ಟಿದಂದಿನಿಂದ ಗಾಡಿಗಳನ್ನು ಕಂಡಿರುವ ಮೃಗಕ್ಕೆ ಅದು ಬೇಟೆಯೂ ಅಲ್ಲ, ಹಗೆಯೂ ಅಲ್ಲ. ಒಳಗಿರುವವರು ಅದರ ಲೆಕ್ಕದಲ್ಲಿ ಗಾಡಿಯ ಭಾಗವೇ. ಒಬ್ಬನು ಕೆಳಗೆ ಕಾಲಿಟ್ಟರೆ ಮಾತ್ರ ಅವನು ಮನುಷ್ಯನಾಗುತ್ತಾನೆ. ಹಾಗಾಗಿ ಸಫಾರಿಯಲ್ಲಿ ನಾವು ಕಾಣುವುದು ಮನುಷ್ಯನಿಲ್ಲದ ಲೋಕವನ್ನು. ನಾವೇ ಅಲ್ಲಿಲ್ಲದಂತೆ ಕುಳಿತು ನೋಡುವುದೇ ಆ ಆಟದ ನಿಯಮ.

ಆ ನಿಯಮ ಎಲ್ಲ ಕಡೆಯೂ ನಡೆಯುವುದಿಲ್ಲ ಎನ್ನುವುದು ಮುಂದಿನ ಒಂದು ಗಂಟೆಯಲ್ಲಿ ತಿಳಿಯಿತು. ಗಾಡಿಯ ರೇಡಿಯೋದಲ್ಲಿ ಏನೋ ಗೊಣಗಿತು, ಚಾಲಕ ವೇಗ ಹೆಚ್ಚಿಸಿದ. ಒಂದು ಚೀತಾ ಬೇಟೆಗೆ ಹೊರಟಿದೆಯಂತೆ. ನಾವು ಕನ್ನಡದಲ್ಲಿ ಚಿರತೆ ಎನ್ನುವ ಮರ ಹತ್ತುವ ಪ್ರಾಣಿ ಬೇರೆ. ಇದು ಬಯಲಿನಲ್ಲಿ ಓಡಿ ಹಿಡಿಯುವ ತೆಳು ಸೊಂಟದ್ದು. ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಸಾರಿ, 2022ರಲ್ಲಿ ನಮೀಬಿಯದಿಂದ ಕೂನೋಗೆ ತಂದದ್ದು ಇದನ್ನೇ. ನಾವು ಹೋದಾಗ ಹದಿನೇಳು ಗಾಡಿಗಳು ಅದಾಗಲೇ ಸುತ್ತುವರಿದಿದ್ದವು. ಇರುಳಿನಲ್ಲಿ ಸಿಂಹ, ಕಿರುಬಗಳ ಕಾಟಕ್ಕೆ ಹೆದರಿ ಹೆಚ್ಚಾಗಿ ಹಗಲೇ ಬೇಟೆಯಾಡುವ ಪ್ರಾಣಿ ಇದು. ಹಗಲನ್ನು ನಾವು ಆಕ್ರಮಿಸಿಕೊಂಡಿದ್ದೇವೆ. ಅದು ಎರಡು ಸಲ ಹೊಂಚುಹಾಕಿತು. ಎರಡು ಸಲವೂ ಗಾಡಿಯೊಂದು ಒಳ್ಳೆಯ ಜಾಗಕ್ಕಾಗಿ ನಡುವೆ ನುಗ್ಗಿ ಹುಲ್ಲೆಗಳು ಚದುರಿದವು. ಮೂರನೆಯ ಸಲ ಅದು ಕುಳಿತುಬಿಟ್ಟಿತು. ನಮ್ಮ ಚಾಲಕ ಏನೂ ಹೇಳದೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಅಷ್ಟು ದೂರ ಹೋಗಿ ಚಿತ್ರ ತೆಗೆಯದೆ ಬಂದೆವೆಂದು ನನ್ನ ಸೋದರಳಿಯನಿಗೆ ಸ್ವಲ್ಪ ಅಸಮಾಧಾನವಾಯಿತು. ನಿಜ ಹೇಳುವುದಾದರೆ ನನಗೂ ಆಯಿತು.

ಮಧ್ಯಾಹ್ನದ ಬಿಸಿಲಿನಲ್ಲಿ ಬಯಲು ಕುದಿಯುವ ನೀರಿನಂತೆ ನಡುಗುತ್ತಿತ್ತು. ಒಂದು ಒಂಟಿ ಕರು ಎಲ್ಲಿಂದಲೋ ಓಡಿಬಂತು. ಹುಟ್ಟಿ ಎರಡು ಮೂರು ದಿನವಾಗಿರಬಹುದು. ಹೊಕ್ಕುಳಬಳ್ಳಿಯ ಒಣತುದಿ ಇನ್ನೂ ನೇತಾಡುತ್ತಿತ್ತು. ನೇರವಾಗಿ ನಮ್ಮ ಗಾಡಿಯ ಬಳಿಗೆ ಬಂದು, ಮೂತಿಯನ್ನು ಚಕ್ರಕ್ಕೆ ಒತ್ತಿ ನಿಂತಿತು. ಚಾಲಕ ಒಡನೆಯೇ ಎಂಜಿನ್ನು ನಿಲ್ಲಿಸಿದ. ಹಿಂಡು ಬೆದರಿ ಓಡಿದಾಗ ತಾಯಿಯನ್ನು ಕಳೆದುಕೊಂಡ ಕರು, ಚಲಿಸುವ ಯಾವ ದೊಡ್ಡ ವಸ್ತುವನ್ನಾದರೂ ತಾಯಿಯೆಂದು ಬೆನ್ನಟ್ಟುತ್ತದೆಯಂತೆ. ಗಾಡಿಯನ್ನು ಬೆನ್ನಟ್ಟುತ್ತದೆ. ಕತ್ತೆಕಿರುಬವನ್ನೂ ಬೆನ್ನಟ್ಟುತ್ತದೆ.

“ಇದನ್ನು ಹತ್ತಿಸಿಕೊಂಡು ಹಿಂಡಿನ ಹತ್ತಿರ ಬಿಡಬಾರದೆ?” ಎಂದು ಸೋದರಳಿಯನ ಹೆಂಡತಿ ಕೇಳಿದಳು. ಮುಟ್ಟುವಂತಿಲ್ಲ, ಅದು ಕಾನೂನು ಎಂದ ಚಾಲಕ. ಮುಟ್ಟಿದರೂ ಪ್ರಯೋಜನವಿಲ್ಲ; ಪ್ರತಿ ತಾಯಿಯೂ ತನ್ನ ಕರುವನ್ನು ವಾಸನೆಯಿಂದ ಗುರುತಿಸುತ್ತದೆ, ಬೇರೆಯದಕ್ಕೆ ಮೊಲೆ ಕೊಡುವುದಿಲ್ಲ. ಗಾಡಿ ಹೊರಟರೆ ಕರು ಹಿಂದೆಯೇ ಓಡಿ ದಣಿಯುತ್ತದೆ. ಹಾಗಾಗಿ ಉಳಿದದ್ದು ಒಂದೇ ದಾರಿ: ಒಂದು ಹಿಂಡು ಈ ಕಡೆ ಹಾಯುವವರೆಗೆ ಅಲುಗಾಡದೆ ನಿಲ್ಲುವುದು. ನಿಂತೆವು. ಐವತ್ತು ನಿಮಿಷ.

ಆ ಐವತ್ತು ನಿಮಿಷಗಳಲ್ಲಿ ಅವನು ತನ್ನ ವಿಷಯ ಹೇಳಿದ. ನಲವತ್ತರ ಆಸುಪಾಸಿನ ಮಾಸಾಯಿ ಅವನು. “ಮ್ಜೇ” ಎಂದು ನನ್ನನ್ನು ಸಂಬೋಧಿಸುತ್ತಿದ್ದ, ಹಿರಿಯರೇ ಎಂದರ್ಥ. ಅವನ ಅಜ್ಜ ಹುಟ್ಟಿದ್ದು ಇಲ್ಲಿಂದ ಉತ್ತರಕ್ಕೆ, ಮೊರು ಎಂಬ ಕಲ್ಲುಗುಡ್ಡಗಳ ಬಳಿ. ಅಲ್ಲಿನ ಬಂಡೆಯೊಂದರ ಮೇಲೆ ಮಾಸಾಯಿ ಯುವಕರು ಕೆಂಪು, ಕಪ್ಪು, ಬಿಳಿ ಬಣ್ಣಗಳಲ್ಲಿ ಬರೆದ ಗುರಾಣಿಗಳ ಚಿತ್ರಗಳು ಈಗಲೂ ಇವೆ, ಪ್ರವಾಸಿಗಳಿಗೆ ತೋರಿಸುತ್ತಾರೆ. ಬ್ರಿಟಿಷರು 1951ರಲ್ಲಿ ಸೆರೆಂಗೆಟಿಯನ್ನು ರಾಷ್ಟ್ರೀಯ ಉದ್ಯಾನವೆಂದು ಸ್ಥಾಪಿಸಿದಾಗ ಮಾಸಾಯಿಗಳು ಅದರೊಳಗೇ ಇದ್ದರು. ಮೃಗಗಳಿರುವ ಕಡೆ ದನವೂ ಮನುಷ್ಯನೂ ಇರಕೂಡದೆಂಬ ವಾದ ಬೆಳೆಯಿತು. 1958ರಲ್ಲಿ ಮಾಸಾಯಿ ಹಿರಿಯರು ಒಂದು ಒಪ್ಪಂದಕ್ಕೆ ಒಪ್ಪಿಗೆಯ ಗುರುತು ಹಾಕಿದರು. 1959ರಲ್ಲಿ ಉದ್ಯಾನ ಇಬ್ಭಾಗವಾಯಿತು. ಸೆರೆಂಗೆಟಿ ಪೂರ್ತಿಯಾಗಿ ಮೃಗಗಳಿಗೆ. ಪೂರ್ವದ ಗೊರೊಂಗೊರೊ ಮೃಗಗಳಿಗೂ ಮಾಸಾಯಿಗಳಿಗೂ ಒಟ್ಟಾಗಿ.

ಇದೇ 1959ರ ಜನವರಿಯಲ್ಲಿ, ಮೃಗಗಳನ್ನು ವಿಮಾನದಿಂದ ಎಣಿಸುತ್ತಿದ್ದ ಜರ್ಮನಿಯ ಮಿಖಾಯೆಲ್ ಗ್ರ್ಜಿಮೆಕ್ ಎಂಬ ತರುಣ, ರಣಹದ್ದೊಂದು ರೆಕ್ಕೆಗೆ ಬಡಿದು ವಿಮಾನ ಬಿದ್ದು ಸತ್ತ. ಅವನೂ ಅವನ ತಂದೆ ಬರ್ನ್‌ಹಾರ್ಡ್ ಗ್ರ್ಜಿಮೆಕ್ಕರೂ ತೆಗೆದ ಚಲನಚಿತ್ರವೇ ಸೆರೆಂಗೆಟಿಯ ಹೆಸರನ್ನು ಲೋಕಕ್ಕೆ ತಲುಪಿಸಿತು. ಗೊರೊಂಗೊರೊ ಕುಳಿಯ ಅಂಚಿನ ಮೇಲಿನ ಅವರ ಸಮಾಧಿಯ ಮುಂದೆ ಹಿಂದಿನ ದಿನ ನಾನು ಟೋಪಿ ತೆಗೆದು ನಿಂತಿದ್ದೆ. ಅವರಿಲ್ಲದಿದ್ದರೆ ಈ ಮೃಗಗಳು ಉಳಿಯುತ್ತಿದ್ದವೋ ಇಲ್ಲವೋ. ಆದರೆ ಮನುಷ್ಯರಿಲ್ಲದ ಆದಿಮ ಪ್ರಕೃತಿ ಎಂಬ ಚಿತ್ರವನ್ನು ನಮ್ಮೆಲ್ಲರ ತಲೆಯಲ್ಲಿ ಇಟ್ಟವರೂ ಅವರೇ. ಈ ಬಯಲನ್ನು ಹಾಗೆ ಕಾಣುವುದು ತಪ್ಪು ಎನ್ನುವುದು ನನಗೆ ಆ ಮಧ್ಯಾಹ್ನ ಅರ್ಥವಾಗತೊಡಗಿತು.

ಏಕೆಂದರೆ ನಾವು ಬೆರಗಾಗಿ ನೋಡುವ ಈ ಹದಿಮೂರು ಲಕ್ಷದ ಸಮೂಹವೇ ದನಗಳ ಕಥೆಯೊಂದಿಗೆ ಹೆಣೆದುಕೊಂಡಿದೆ. 1890ರ ಸುಮಾರಿಗೆ ದನಗಳ ದೊಡ್ಡರೋಗ ಪೂರ್ವ ಆಫ್ರಿಕಕ್ಕೆ ಕಾಲಿಟ್ಟಿತು. ಇಟಲಿಯ ಸೈನ್ಯಕ್ಕೆಂದು ಹಡಗಿನಲ್ಲಿ ತಂದ ದನಗಳೊಂದಿಗೆ, ಬಹುಶಃ ನಮ್ಮ ಇಂಡಿಯಾದ ದನಗಳೊಂದಿಗೇ ಅದು ಬಂತೆಂದು ಹೇಳುವವರಿದ್ದಾರೆ. ಮಾಸಾಯಿಗಳ ದನಗಳು ಮುಕ್ಕಾಲುಪಾಲಿಗಿಂತ ಹೆಚ್ಚು ಸತ್ತವು. ಹಾಲೇ ಊಟವಾಗಿದ್ದ ಜನ ಹಸಿವಿನಿಂದ ಸತ್ತರು. ರೋಗ ನ್ಯುಂಬುಗಳಿಗೂ ತಗುಲಿ, ಪ್ರತಿ ವರ್ಷ ಎಳೆಗರುಗಳನ್ನು ಕೊಲ್ಲುತ್ತ ಎಪ್ಪತ್ತು ವರ್ಷ ಅಲ್ಲೇ ನೆಲೆಯೂರಿತು. ಆಮೇಲೆ ಬಯಲಿನ ಸುತ್ತಲಿನ ದನಗಳಿಗೆ ಚುಚ್ಚುಮದ್ದು ಹಾಕಿದರು; ಕೆನ್ಯಾದ ಮುಗುಗದಲ್ಲಿ ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯರು ಸಿದ್ಧಪಡಿಸಿದ ಲಸಿಕೆಯಂತೂ ಮುಂದೆ ಜಗತ್ತಿಗೇ ಉಪಯೋಗಕ್ಕೆ ಬಂತು. ದನಗಳಲ್ಲಿ ರೋಗ ನಿಂತಿತು. ಕಾಡಿನ ಒಂದೇ ಒಂದು ಪ್ರಾಣಿಗೆ ಸೂಜಿ ತಾಗಿಸದೆಯೇ ಅವುಗಳಲ್ಲೂ ನಿಂತಿತು. 1961ರಲ್ಲಿ ಎರಡೂವರೆ ಲಕ್ಷದಷ್ಟಿದ್ದ ನ್ಯುಂಬುಗಳು 1977ರ ಹೊತ್ತಿಗೆ ಹದಿಮೂರು ಲಕ್ಷ ದಾಟಿದವು. 2011ರಲ್ಲಿ ಈ ರೋಗವೇ ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿಸಿದರು.

“ನಮ್ಮ ದನಗಳಿಗೆ ಚುಚ್ಚಿದರು, ಅವು ಬದುಕಿದವು,” ಎಂದು ಚಾಲಕ ಕರುವಿನತ್ತ ಗಲ್ಲ ತೋರಿಸಿ ನಕ್ಕ.

ಇನ್ನೊಂದು ಮಾತು ಹೇಳಿದ. ನ್ಯುಂಬುವಿನ ಎಳೆಗರುಗಳ ಮೂಗು ಕಣ್ಣುಗಳ ಸ್ರಾವದಲ್ಲಿ ಒಂದು ಬಗೆಯ ವೈರಾಣು ಇರುತ್ತದೆ. ಅವುಗಳಿಗೆ ಅದರಿಂದ ತೊಂದರೆಯಿಲ್ಲ. ದನಕ್ಕೆ ತಗುಲಿದರೆ ಸಾವು. ವಿಜ್ಞಾನಿಗಳಿಗಿಂತ ಎಷ್ಟೋ ಮೊದಲು ಮಾಸಾಯಿಗಳು ಇದನ್ನು ಅರಿತಿದ್ದರು. ಈಯುವ ಕಾಲದಲ್ಲಿ ಅತ್ಯುತ್ತಮವಾದ ಈ ಹುಲ್ಲನ್ನು ನ್ಯುಂಬುಗಳಿಗೆ ಬಿಟ್ಟು ದನಗಳನ್ನು ಎತ್ತರದ ಸೀಮೆಗೆ ಹೊಡೆದುಕೊಂಡು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಕಾಡುಪ್ರಾಣಿಯ ಮಾಂಸವನ್ನು ಅವರು ಸಾಮಾನ್ಯವಾಗಿ ತಿನ್ನುವವರೂ ಅಲ್ಲ. ಒಂದೇ ಹುಲ್ಲನ್ನು ಸರದಿಯ ಮೇಲೆ ಹಂಚಿಕೊಂಡು ಬದುಕುವ ಒಂದು ಏರ್ಪಾಡು ಅಲ್ಲಿತ್ತು.

ಗೊರೊಂಗೊರೊದ ಮಾತೂ ಮೊದಲಿನಂತೆ ಉಳಿಯಲಿಲ್ಲ. ಕುಳಿಯ ತಳದಲ್ಲಿ ವಾಸವಾಗಿದ್ದವರನ್ನು 1974ರಲ್ಲಿ ಹೊರಗೆ ಕಳಿಸಿದರು. 1975ರಲ್ಲಿ ಬೇಸಾಯಕ್ಕೆ ನಿಷೇಧ ಬಂತು. ಜನಸಂಖ್ಯೆಯೂ ಬೆಳೆಯಿತೆನ್ನಬೇಕು; 1959ರಲ್ಲಿ ಎಂಟು ಸಾವಿರದಷ್ಟಿದ್ದವರು ಲಕ್ಷದ ಸಮೀಪಕ್ಕೆ ಬಂದರು, ಹುಲ್ಲಿನ ಮೇಲಿನ ಭಾರ ಹೆಚ್ಚಿತೆಂಬ ಸರ್ಕಾರದ ಮಾತನ್ನು ಸುಳ್ಳೆಂದು ತಳ್ಳಿಹಾಕಲಾರೆ. 2022ರಿಂದ ನೂರಾರು ಕಿಲೋಮೀಟರು ದೂರದ ಮ್ಸೊಮೆರಾ ಎಂಬಲ್ಲಿಗೆ ಕುಟುಂಬಗಳನ್ನು ಸಾಗಿಸುವುದು ಆರಂಭವಾಯಿತು. ಇಷ್ಟಪಟ್ಟವರು ಹೋಗುತ್ತಿದ್ದಾರೆಂದು ಸರ್ಕಾರ ಹೇಳುತ್ತದೆ. ಶಾಲೆ ಆಸ್ಪತ್ರೆಗಳನ್ನು ಸೊರಗಿಸಿ ಹೋಗುವಂತೆ ಮಾಡುತ್ತಿದ್ದಾರೆಂದು ಅಲ್ಲಿನವರು ಹೇಳುತ್ತಾರೆ. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಜೇನುಕುರುಬರ ಮುಖಗಳು ನನಗೆ ನೆನಪಾದವು. ಬಂಡೀಪುರದ ಜೀಪಿನಲ್ಲಿ ಎಷ್ಟೋ ಸಲ ಕುಳಿತಿದ್ದೇನೆ. ಅಲ್ಲಿ ಇವರು ನೆನಪಾಗಿರಲಿಲ್ಲ.

ಕರು ಗಾಡಿಯ ನೆರಳಿನಲ್ಲಿ ಮಂಡಿಯೂರಿ ಮಲಗಿತ್ತು. ದೂರದಲ್ಲಿ ಕತ್ತೆಕಿರುಬವೊಂದು ಬಂದು ಕುಳಿತು ನಮ್ಮನ್ನೇ ನೋಡುತ್ತಿತ್ತು. ಕಡೆಗೆ ಪೂರ್ವದಿಂದ ಗೊಣಗುಟ್ಟುವ ಸದ್ದು ಕೇಳಿ, ಒಂದು ಉದ್ದ ಸಾಲು ನಮ್ಮಿಂದ ಇನ್ನೂರು ಮೀಟರಿನಲ್ಲಿ ಹಾದುಹೋಗತೊಡಗಿತು. ಕರು ಕಿವಿ ನಿಮಿರಿಸಿತು, ಎದ್ದಿತು, ಓಡಿತು. ಮೊದಲ ಹೆಣ್ಣು ಮೂಸಿ ಕೊಂಬಿನಿಂದ ತಳ್ಳಿತು. ಎರಡನೆಯದೂ ತಳ್ಳಿತು. ಐದಾರು ಹೆಣ್ಣುಗಳವರೆಗೆ ಅದನ್ನು ನಾವು ಗುರುತಿಸಿದೆವು. ಆಮೇಲೆ ಧೂಳು, ಕಾಲುಗಳು, ಒಂದೇ ಬಣ್ಣದ ನೂರಾರು ಕರುಗಳು. ಕಿರುಬ ಎದ್ದು ಸಾಲಿನ ಹಿಂದೆ ಅವಸರವಿಲ್ಲದೆ ಹೊರಟಿತು. ಸೋದರಳಿಯನ ಹೆಂಡತಿ ಬಹಳ ಹೊತ್ತು ದುರ್ಬೀನನ್ನು ಕೆಳಗಿಳಿಸಲಿಲ್ಲ.

ಸಂಜೆ ಹಿಂದಿರುಗುವಾಗ, ಬಯಲು ಮುಗಿದು ನೆಲ ಪೂರ್ವಕ್ಕೆ ಏರುವಲ್ಲಿ, ದೂರದಲ್ಲಿ ದನಗಳ ಮಂದೆಯೊಂದು ಕಾಣಿಸಿತು. ಕೆಂಪು ಹೊದ್ದ ಇಬ್ಬರು ಹುಡುಗರು ಕೋಲು ಹೆಗಲಿಗಿಟ್ಟು ನಡೆಯುತ್ತಿದ್ದರು. ಸಿಂಹವಿರುವ ನೆಲದಲ್ಲಿ ಅವರು ಕಾಲ್ನಡಿಗೆಯಲ್ಲಿದ್ದರು. ಚಾಲಕ ಗಾಡಿಯ ವೇಗ ತಗ್ಗಿಸಿ, ಕೈ ಹೊರಗೆ ಚಾಚಿ, ಅವರ ಭಾಷೆಯಲ್ಲಿ ಏನೋ ಕೂಗಿದ. ಅವರೂ ಕೂಗಿದರು.

“ಮೊರುವಿಗೆ ಹೋಗುತ್ತಿರುತ್ತೀಯಾ?” ಎಂದು ನಾನು ಕೇಳಿದೆ.

“ಹೋಗುತ್ತೇನೆ ಮ್ಜೇ. ನಿಮ್ಮಂಥವರು ಕರೆದುಕೊಂಡು ಹೋದಾಗ.”

ಬಿಡಾರ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅವನು ಬಕೀಟಿನ ನೀರಿನಿಂದ ಗಾಡಿಯ ಗಾಜುಗಳನ್ನು ತೊಳೆಯುತ್ತಿದ್ದ. ಇಳಿದ ನೀರು ಬೂದಿಬಣ್ಣದ್ದಾಗಿತ್ತು. ನಾಳೆ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹನ್ನೆರಡಕ್ಕೆ ಎಂದ.